ಅಪ್ಪನಿಗೆ ಉಳಿದ ಪದಗಳು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಬೆನ್ನುನೋವು ಹೇಗಿದೆ? ಅತ್ತಿಗೆಯ ಕೆಮ್ಮು ನಿಂತಿತಾ? ಮಕ್ಕಳ ಪರೀಕ್ಷೆ ಮುಗಿದಿರಬೇಕು. ನೀನು ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲಾಗುವುದಿಲ್ಲವಲ್ಲ. ಹರಿದು ಹಾಕಬಹುದು, ಆದರೆ ನಿನ್ನನ್ನು ನಾನು ಇವತ್ತು ನಿನ್ನೆ ನೋಡಿದವಳಲ್ಲ, ಓದಿಯೇ ಹರಿಯುತ್ತೀಯ.

ಅಪ್ಪ ಹಾಗೇ ಇದ್ದಾರೆ. ಬಲಗೈ, ಬಲಗಾಲು ಎರಡೂ ಏಳುವುದಿಲ್ಲ. ಪಾರ್ಶ್ವವಾಯು ಹೊಡೆದಾಗ ಮನೆಮಾತೆಲ್ಲ ಹೋಯಿತು, ನನ್ನ ಹೆಸರು ನಿನ್ನ ಹೆಸರು ಸಹ ಹೋಯಿತು. ಉಳಿದದ್ದು ಆ ಹಾಳು ಲೆಸ್ ಪದಗಳು ಮಾತ್ರ. ನಿನಗೆ ಮರೆತಿರಲಾರದು. ಅಪ್ಪ ಇಂಗ್ಲಿಷ್ ಮೇಷ್ಟ್ರು, ನಮ್ಮ ಮನೆಯಲ್ಲಿ ತಟ್ಟೆಗೆ ಊಟ ಬೀಳಬೇಕಾದರೆ ಮೊದಲು ಲೆಸ್ ಬಾಲದ ಒಂದು ಪದ ಹೇಳಬೇಕು, ಅದರ ಅರ್ಥ ಹೇಳಬೇಕು. ಹೋಮ್‌ಲೆಸ್, ಮನೆ ಇಲ್ಲದವನು. ಫಿಯರ್‌ಲೆಸ್, ಭಯ ಇಲ್ಲದವನು. "ಬಾಲ ಅಂಟಿತೋ, ಇದ್ದದ್ದೂ ಇಲ್ಲ" ಅನ್ನುತ್ತಿದ್ದರು. ನೀನು ಪಟಪಟನೆ ಒಪ್ಪಿಸಿ ಉಂಡು ಏಳುತ್ತಿದ್ದೆ. ನನಗೆ ಎಲ್ಲವೂ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಬಿಸಿ ಊಟದ ರುಚಿ ನಾನು ಕಂಡಿದ್ದೇ ಕಡಿಮೆ. ಒಮ್ಮೆ ಪ್ರೈಸ್‌ಲೆಸ್ ಅಂದರೆ ಬೆಲೆ ಇಲ್ಲದ್ದು, ಕಸ, ಅಂತ ಹೇಳಿ ನಗೆಪಾಟಲಾದೆ. ಅದು ಬೆಲೆ ಕಟ್ಟಲಾಗದ್ದು ಅಂತ ಅಪ್ಪ ತಿದ್ದಿದರು, ಉದಾಹರಣೆಗೆ ನಿನ್ನನ್ನು ತೋರಿಸಿದರು. ಯೂಸ್‌ಲೆಸ್‌ಗೆ ಉದಾಹರಣೆ ಬೇಕಾದಾಗ ನಾನು ಪಕ್ಕದಲ್ಲೇ ಇರುತ್ತಿದ್ದೆ.

ಈಗ ಅವೇ ಪದಗಳನ್ನು ಅಪ್ಪ ದಿನವಿಡೀ ಉದುರಿಸುತ್ತಾರೆ. ಮೊದಮೊದಲು ನಾನೂ ನೊಂದುಕೊಂಡೆ. ಬೆನ್ನು ಒರೆಸುವಾಗ ಕೇರ್‌ಲೆಸ್, ಹಾಸಿಗೆ ಬದಲಿಸುವಾಗ ಹೋಪ್‌ಲೆಸ್ ಅನ್ನಿಸಿಕೊಂಡರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ ಹೇಳು. ಬೆಳಿಗ್ಗೆ ಒಂದು ಗಳಿಗೆ ಬಂದುಹೋಗುವ ನರ್ಸಮ್ಮ ನನ್ನ ಅಳು ನೋಡಿ ಹೇಳಿದರು, "ಪದ ಬಿಟ್ಟುಬಿಡಮ್ಮ, ಕಣ್ಣು ಎಲ್ಲಿ ಹೋಗುತ್ತೆ ನೋಡು." ನೋಡುತ್ತಾ ಬಂದೆ. ಕೇರ್‌ಲೆಸ್ ಅಂದಾಗ ಕಣ್ಣು ಹೂಜಿಯ ಕಡೆ, ಅದು ನೀರು. ಎಂಡ್‌ಲೆಸ್ ಅಂದರೆ ದೀಪ ಆರಿಸು. ಹೋಪ್‌ಲೆಸ್ ಅಂದರೆ ಕಿಟಕಿ ತೆಗಿ. ಯೂಸ್‌ಲೆಸ್ ಅಂದರೆ ನಾನು. ಅದೊಂದಕ್ಕೆ ಮಾತ್ರ ಕಾಯಿಲೆಯಿಂದ ಅರ್ಥ ಬದಲಾಗಿಲ್ಲ.

ಇನ್ನು ನಿನ್ನ ವಿಷಯ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನೀನು ಬರಲಿಲ್ಲ. ಮನೆಗೆ ತಂದ ಮೇಲೆ ಫೋನ್ ಮಾಡಿದೆ, ನಾನು ಅವರ ಕಿವಿಗೆ ಹಿಡಿದೆ. ನಿನಗೆ ಸಿಕ್ಕ ಹೊಸ ಹುದ್ದೆ, ಹೊಸ ಮನೆಯ ಬಾಲ್ಕನಿ ಎಲ್ಲ ವರ್ಣಿಸುತ್ತಿದ್ದೆ. ಅಪ್ಪ "ಶೇಮ್‌ಲೆಸ್, ಶೇಮ್‌ಲೆಸ್" ಅಂದರು. ನೀನು ಕಟ್ ಮಾಡಿದೆ, ಆಮೇಲೆ ಇತ್ತ ತಲೆ ಹಾಕಲಿಲ್ಲ. ಅದು ಕಾಯಿಲೆಯ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬಾರದು ಅಂತ ನಾನು ಅತ್ತಿಗೆಯ ಕೈಲಿ ನಿನಗೆ ಹೇಳಿಸಿದೆ. ಜೀವಮಾನವೆಲ್ಲ ಅರ್ಥ ಹೇಳಿಕೊಟ್ಟ ಮನುಷ್ಯನಿಗೆ ತಾನಾಡುವ ಪದದ ಅರ್ಥ ಗೊತ್ತಿಲ್ಲವಾ ಅಂತ ನೀನು ಕೇಳಿದೆಯಂತೆ. ನನ್ನನ್ನು ದಿನಕ್ಕೆ ಹತ್ತು ಸಲ ಯೂಸ್‌ಲೆಸ್ ಅಂದರೂ ನಾನು ಅವರಿಗೆ ತುತ್ತು ತಿನ್ನಿಸುತ್ತೇನೆ. ನಿನಗೆ ಒಂದೇ ಒಂದು ಪದ ಸಾಕಾಯಿತು, ಕೈತೊಳೆದುಕೊಳ್ಳಲು. ನನಗೆ ಸಿಟ್ಟು ಬಂದಿದೆ ಅಣ್ಣ, ಅದನ್ನು ಮುಚ್ಚಿಡುವ ಉಸಾಬರಿ ಬಿಟ್ಟಿದ್ದೇನೆ.

ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಯಜಮಾನರು ಬೇರೆ ಊರಲ್ಲಿ ಇನ್ನೊಂದು ಅಂಗಡಿ ತೆರೆಯುತ್ತಿದ್ದಾರೆ. ಹಿಂದಿನ ಕೋಣೆಯಲ್ಲಿ ಕೂತು, ಚಕ್ರಕ್ಕೆ ನೀರು ಬಿಟ್ಟುಕೊಂಡು ಗಾಜಿನ ಅಂಚು ಉಜ್ಜುವ ನನ್ನನ್ನು, ಅದನ್ನು ಪೂರ್ತಿ ನೋಡಿಕೊಳ್ಳುತ್ತೀಯಾ ಅಂತ ಕೇಳಿದ್ದಾರೆ. ಹಿಂದೊಮ್ಮೆ ಹೀಗೇ ಕೇಳಿದಾಗ ಅಪ್ಪನ ನೆಪ ಹೇಳಿ ಒಲ್ಲೆ ಅಂದೆ. ಈ ಸಲ ಹೂಂ ಅಂದಿದ್ದೇನೆ. ಅಲ್ಲಿ ನನಗೆ ಕೊಡುವುದು ಅಂಗಡಿಯ ಮೇಲಿನ ಒಂದೇ ಕೋಣೆ, ಹತ್ತಲು ಕಬ್ಬಿಣದ ಸುರುಳಿ ಮೆಟ್ಟಿಲು. ಅಪ್ಪನನ್ನು ಹೊತ್ತೊಯ್ಯಲು ನನ್ನಿಂದಾಗದು. ತಿಂಗಳ ಕೊನೆಗೆ ಹೊರಡುತ್ತೇನೆ, ಅಷ್ಟರೊಳಗೆ ನೀನು ಬರಬೇಕು. ಇಲ್ಲಿರುತ್ತೀಯೋ, ಕರೆದುಕೊಂಡು ಹೋಗುತ್ತೀಯೋ ನಿನಗೆ ಬಿಟ್ಟದ್ದು. ಬಾರದಿದ್ದರೆ ಈ ಸಲವೂ ಯಜಮಾನರಿಗೆ ಇಲ್ಲ ಅನ್ನಬೇಕಾಗುತ್ತದೆ. ಅದಾದ ಮೇಲೆ ಅಪ್ಪನ ಮೇಲೆ ನನಗೆ ಪ್ರೀತಿ ಉಳಿಯುತ್ತದೆ ಅಂತ ನನಗೆ ಧೈರ್ಯವಿಲ್ಲ.

ಅತ್ತಿಗೆಗೆ ನಮಸ್ಕಾರ, ಮಕ್ಕಳ ಕೆನ್ನೆಗೆ ಒಂದೊಂದು ಮುತ್ತು. ಬಿಸಿಲಲ್ಲಿ ಓಡಾಡಬೇಡ.

ಇಂತಿ,
ನಿನ್ನ ತಂಗಿ

ಮರೆತಿದ್ದೆ: ಶೇಮ್‌ಲೆಸ್ ಏನಂತ ಮೊನ್ನೆ ಖಾತ್ರಿಯಾಯಿತು. ಮೂತ್ರ ಬಂದಿದೆ ಅಂತ. ನೀನು ಫೋನ್ ಕಟ್ ಮಾಡಿದ ದಿನವೂ ಹಾಸಿಗೆ ಒದ್ದೆಯಾಗಿತ್ತು. ನಿನ್ನ ದನಿ ಕೇಳಿ ಅಪ್ಪನಿಗೆ ತಡೆಯಲಾಗಲಿಲ್ಲ ಅಂದುಕೊಂಡು ನಾನು ಅತ್ತಿದ್ದೆ. ನೀನು ಬಂದ ಮೇಲೂ ನಿನ್ನ ಮುಖ ನೋಡಿ ಅದನ್ನೇ ಅನ್ನುತ್ತಾರೆ. ಮುಖ ಊದಿಸಿಕೊಂಡು ಎದ್ದು ಹೋಗಬೇಡ. ಬೋಗುಣಿ ಮಂಚದ ಕೆಳಗೆ, ಎಡಗಡೆ ಇದೆ.