ಹೆನ್ರಿಯೆಟಾಳ ಸ್ನಾನ

ನ್ಯೂ ಬೆಡ್‌ಫರ್ಡ್,
ಬುಧವಾರ, ೧೦ ಮಾರ್ಚ್ ೧೯೯೯

ಪ್ರೀತಿಯ ಮಗಳು ಇದಾಲಿನಾಗೆ,

ಹೇಗಿದ್ದೀಯಮ್ಮ? ಅಲಾಸ್ಕಾದಲ್ಲಿ ಇನ್ನೂ ಹಿಮ ಬೀಳುತ್ತಿದೆ ಎಂದು ಟೀವಿಯಲ್ಲಿ ತೋರಿಸಿದರು. ಕರಾವಳಿ ಕಾವಲು ಹಡಗಿನ ಮೇಲೆ ನಿಲ್ಲುವಾಗ ಕಿವಿ ಮುಚ್ಚಿಕೊಳ್ಳುತ್ತೀಯ ತಾನೆ? ಚಿಕ್ಕಂದಿನಲ್ಲಿ ನಿನಗೆ ಗಾಳಿ ತಾಗಿದರೆ ಸಾಕು, ಕಿವಿನೋವು ಶುರುವಾಗುತ್ತಿತ್ತು. ನಾನು ಚೆನ್ನಾಗಿದ್ದೇನೆ. ಬಲಭುಜ ಸ್ವಲ್ಪ ಹಿಡಿದುಕೊಂಡಿದೆ, ಚಳಿಗೆ, ಬೇರೇನಿಲ್ಲ. ಇನ್ನೂ ನಾಲ್ಕು ವರ್ಷಕ್ಕೆ ಸಹಿ ಹಾಕುವುದೋ, ಕೆಲಸ ಬಿಟ್ಟು ಮನೆಗೆ ಬರುವುದೋ ಈ ತಿಂಗಳ ಕೊನೆಯೊಳಗೆ ತೀರ್ಮಾನಿಸಬೇಕು ಎಂದು ಬರೆದಿದ್ದೀಯ. ಅದಕ್ಕೆ ಮೊದಲು ನಿನ್ನ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ನಿನಗೆ ಗೊತ್ತಿರಬೇಕು. ಫೋನಿನಲ್ಲಿ ಹೇಳುವ ಹಾಗಿಲ್ಲ. ನಿನ್ನ ಗಂಡ ಎಲ್ವಿನ್ ಪಕ್ಕದಲ್ಲೇ ಸೊಪ್ಪಿನ ಸೂಪು ಕುದಿಸುತ್ತಾ ನಿಂತಿರುತ್ತಾನೆ.

ಮೀನಿನ ಕಾರ್ಖಾನೆ ಮುಚ್ಚಿದ ಮೇಲೆ ಎಲ್ವಿನ್ ಸಮುದಾಯ ಕಾಲೇಜಿಗೆ ಸೇರಿ ವೆಲ್ಡಿಂಗ್ ಕಲಿಯುತ್ತೇನೆ ಎಂದ. ನಿನಗೂ ಹಾಗೇ ಹೇಳಿದ್ದಾನೆ. ಕೇಳಿ ನನಗೆಷ್ಟು ಹೆಮ್ಮೆಯಾಯಿತು ಎಂದರೆ, ಮೂವತ್ತೆಂಟು ವರ್ಷ ಹಡಗಿನ ತಗಡು ಬೆಸೆದ ನನ್ನ ಚರ್ಮದ ಕೈಗವಸನ್ನೇ ಅವನಿಗೆ ಕೊಟ್ಟೆ. ಎಂಟು ವಾರವಾಯಿತು. ವೆಲ್ಡಿಂಗ್ ಕಲಿಯುವವನ ಅಂಗಿಯಲ್ಲಿ ಮೊದಲ ವಾರವೇ ಕಿಡಿ ಸಿಡಿದು ಸಾಸಿವೆಯಷ್ಟು ತೂತುಗಳು ಬೀಳುತ್ತವೆ. ಕತ್ತು ಕೆಂಪಾಗುತ್ತದೆ. ಮೈಯಿಂದ ಸುಟ್ಟ ಕಬ್ಬಿಣದ ವಾಸನೆ ಹೋಗುವುದೇ ಇಲ್ಲ. ನಿಮ್ಮಮ್ಮ ನನ್ನ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದದ್ದು ನೆನಪಿದೆಯಲ್ಲ. ಈ ಮಹಾಶಯನ ಅಂಗಿಯಲ್ಲಿ ಒಂದೇ ಒಂದು ತೂತಿಲ್ಲ. ಕೈ ದಿನೇ ದಿನೇ ಬೆಳ್ಳಗಾಗುತ್ತಿದೆ. ಮಂಗಳವಾರ, ಗುರುವಾರ ಸಂಜೆ ಹೋಗಿ, ಹೆಂಗಸರ ಸೋಪಿನ ಘಮಘಮ ಹೊತ್ತುಕೊಂಡು ಬರುತ್ತಾನೆ. ನಾನೇನು ಕಿವಿಯ ಮೇಲೆ ಹೂವಿಟ್ಟುಕೊಂಡು ಕೂತಿದ್ದೇನೆಯೇ?

ಕಾಲೇಜಿನವರು ಮನೆಮನೆಗೂ ಅಂಚೆಯಲ್ಲಿ ಕಳಿಸುವ ಕೋರ್ಸುಗಳ ಪುಸ್ತಕ ಹುಡುಕಿ ತೆಗೆದೆ. ಬೀಜಗಣಿತವಿದೆ, ಇತಿಹಾಸವಿದೆ, ಡೀಸೆಲ್ ಎಂಜಿನ್ ರಿಪೇರಿಯಿದೆ, ತಲೆಕೂದಲು ಕತ್ತರಿಸುವುದೂ ಇದೆ. ಭೂತಗನ್ನಡಿ ಹಿಡಿದು ವೆಲ್ಡಿಂಗಿನ ಪುಟ ನೋಡಿದೆ. ಸೋಮವಾರ, ಬುಧವಾರ, ಬೆಳಿಗ್ಗೆ ಎಂಟಕ್ಕೆ. ಸಂಜೆ ಕ್ಲಾಸು ಇಲ್ಲವೇ ಇಲ್ಲ. ಅಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಮೊನ್ನೆ ಒಗೆಯಲು ಹಾಕಿದ ಅವನ ಪ್ಯಾಂಟಿನ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಅವನದೇ ಅಕ್ಷರ. 'ಹೆನ್ರಿಯೆಟಾ, ಗುರುವಾರ. ಹಾಸಿಗೆಯಲ್ಲೇ ಸ್ನಾನ. ಮೊದಲು ಮುಖ, ಆಮೇಲೆ ತೋಳು. ನಾಚಿಕೆಯಾಗದ ಹಾಗೆ ಟವೆಲ್ ಹೊದಿಸಿರಬೇಕು.' ಓದಿ ನನಗೆ ಮೈಯೆಲ್ಲ ಉರಿದುಹೋಯಿತು ಮಗಳೇ. ಇಂಥ ಕಳ್ಳನಿಗೆ ನಿನ್ನನ್ನು ಕೊಟ್ಟೆನಲ್ಲ ಎನ್ನಿಸಿತು.

ಸುಮ್ಮನೆ ಕೂರುವವನಲ್ಲ ನಿಮ್ಮಪ್ಪ. ಇಂದು ಕಾಲೇಜಿಗೇ ಹೋದೆ. ಎಲ್ವಿನ್ ಯಾವ ಕ್ಲಾಸಿನಲ್ಲಿದ್ದಾನೆ ಎಂದು ಕೌಂಟರಿನ ಹುಡುಗಿಯನ್ನು ಕೇಳಿದರೆ, ವಿದ್ಯಾರ್ಥಿಗಳ ವಿಷಯ ಹೊರಗಿನವರಿಗೆ ಹೇಳುವಂತಿಲ್ಲ ಎಂದಳು. ಆಮೇಲೆ ನನ್ನ ತಲೆಗೂದಲು ನೋಡಿ, ಅರವತ್ತು ದಾಟಿದವರಿಗೆ ಫೀಸಿಲ್ಲ, ಜಾಗ ಖಾಲಿಯಿದ್ದರೆ ತಡವಾಗಿಯೂ ಸೇರಬಹುದು ಎಂದು ಅವಳೇ ದಾರಿ ತೋರಿಸಿದಳು. ಗುರುವಾರ ಸಂಜೆ ಯಾವುದಿದೆ ಎಂದೆ. ರೋಮನ್ ಇತಿಹಾಸ ಎಂದಳು. ಸರಿ, ಅದಕ್ಕೇ ಬರೆದುಕೋ ಎಂದೆ. ಎಪ್ಪತ್ತೊಂದನೇ ವಯಸ್ಸಿನಲ್ಲಿ, ಎಂಟನೇ ತರಗತಿಗೇ ಶಾಲೆ ಬಿಟ್ಟ ನಾನು ಕಾಲೇಜು ವಿದ್ಯಾರ್ಥಿ. ನಾಳೆ ಕಣ್ಣಾರೆ ಕಂಡ ಮೇಲೆ ಉಳಿದದ್ದು ಬರೆಯುತ್ತೇನೆ.

ಶುಕ್ರವಾರ

ನಿನ್ನೆ ಹೋಗಿದ್ದೆ. ಏಳಕ್ಕೆ ಮೇಷ್ಟರು ಹತ್ತು ನಿಮಿಷ ಬಿಡುವು ಕೊಟ್ಟಾಗ, ಬಾಗಿಲುಗಳ ಗಾಜಿನಲ್ಲಿ ಒಂದೊಂದಾಗಿ ಇಣುಕುತ್ತಾ ಹೋದೆ. ಒಂದರಲ್ಲಿ ಲೆಕ್ಕ, ಇನ್ನೊಂದರಲ್ಲಿ ನೆಲ ತುಂಬ ಕೂದಲು. ಕೊನೆಯ ಕೋಣೆಯಲ್ಲಿ ಆಸ್ಪತ್ರೆಯಂತೆ ಆರು ಮಂಚ, ಸುತ್ತ ಹನ್ನೆರಡು ಹುಡುಗಿಯರು, ನಡುವೆ ನಮ್ಮ ಎಲ್ವಿನ್. ಅಂಗಿಯ ತೋಳು ಮೇಲಕ್ಕೆ ಮಡಿಚಿ, ಮಂಚದ ಮೇಲೆ ಮಲಗಿದ್ದ ಹೆಂಗಸಿನ ಬೆನ್ನು ಒರೆಸುತ್ತಿದ್ದ. ಬಾಗಿಲು ದೂಡಿಕೊಂಡು ಒಳಗೆ ನುಗ್ಗಿದೆ. ಬಾಯಿಗೆ ಬಂದದ್ದು ಬೈಯಬೇಕೆಂದಿದ್ದೆ. ಆ ಹೆಂಗಸಿಗೆ ಸೊಂಟದ ಬಳಿ ರಬ್ಬರು ಕಿತ್ತು ಬಂದಿತ್ತು. ಎದೆಯ ಮೇಲೆ ಹೆಸರಿನ ಪಟ್ಟಿ ಅಂಟಿಸಿದ್ದರು, ಹೆನ್ರಿಯೆಟಾ. ರೋಗಿಗಳ ಆರೈಕೆ ಕಲಿಸಲು ಇಟ್ಟ ಗೊಂಬೆ ಅದು. ಹುಡುಗಿಯರೆಲ್ಲ ನನ್ನನ್ನೇ ನೋಡುತ್ತಿದ್ದರು.

ಅವನು ನನ್ನನ್ನು ಹೊರಗೆ ಕರೆದುಕೊಂಡು ಬಂದು ಬೆಂಚಿನ ಮೇಲೆ ಕೂರಿಸಿದ. ಯಾಕೋ ಸುಳ್ಳು ಹೇಳಿದೆ ಎಂದು ಗದರಿದೆ. ಅವನು ಮೆಲ್ಲಗೆ, "ಮಾವ, ಜನವರಿಯಲ್ಲಿ ನೀವು ಬಚ್ಚಲಲ್ಲಿ ಬಿದ್ರಲ್ಲ, ಅವತ್ತು ಕಂಕುಳಿಗೆ ಕೈ ಹಾಕಿ ಎಳೆದುಬಿಟ್ಟೆ. ಹಾಗೆ ಎಳೀಬಾರದಂತೆ. ನಿಮ್ಮ ಭುಜ ಇವತ್ತಿಗೂ ನೋಯ್ತಿರೋದು ನನ್ನಿಂದಾನೇ" ಎಂದ. ಅದಕ್ಕೆ ವೆಲ್ಡಿಂಗ್ ಎಂದು ಯಾಕೆ ಹೇಳಬೇಕಿತ್ತು ಎಂದೆ. "ಬಿದ್ದಿದ್ದು ಇದಾಲಿನಾಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡೋರು ನೀವೇ ಅಲ್ವಾ? ರೋಗಿ ನೋಡ್ಕೊಳ್ಳೋದು ಕಲೀತಿದೀನಿ ಅಂದ್ರೆ, ಯಾರಿಗೇನಾಗಿದೆ ಅಂತ ಅವಳು ಕೇಳದೆ ಬಿಡ್ತಾಳಾ?"

ನನಗೆ ನಾಚಿಕೆಯಾಯಿತು. ಆದರೂ ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಮನೆಗೆ ಬರುವ ದಾರಿಯುದ್ದಕ್ಕೂ, ಇದರಲ್ಲಿ ನಿನ್ನ ಕೈವಾಡ ಇರಬಹುದೇ ಎಂದು ಯೋಚಿಸುತ್ತಿದ್ದೆ. ಇಲ್ಲ ಎನ್ನುತ್ತಾನೆ. ಮೇ ತಿಂಗಳಲ್ಲಿ ಪರೀಕ್ಷೆಯಂತೆ, ಆಮೇಲೆ ಆಸ್ಪತ್ರೆಯಲ್ಲಿ ಕೆಲಸವೂ ಸಿಗುತ್ತದಂತೆ. ಗಂಡಸಿಗೆ ಇದೆಂಥ ಕೆಲಸ ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ನೀನೇ ಹಡಗು ನಡೆಸುತ್ತಿರುವಾಗ ನಾನು ಯಾವ ಬಾಯಲ್ಲಿ ಕೇಳಲಿ?

ಮೈಮೇಲೆ ಎಚ್ಚರವಿರಲಿ, ಹೊತ್ತಿಗೆ ಸರಿಯಾಗಿ ಊಟ ಮಾಡು. ಮೇರಿ ತಾಯಿ ನಿನ್ನನ್ನು ಕಾಪಾಡಲಿ.

ದಿನವೂ ನಿನ್ನನ್ನೇ ನೆನೆಯುವ ಅಪ್ಪ,
ಅನ್ಸೆಲ್ಮೊ

ವಿ.ಸೂ.: ಶನಿವಾರ ಬೆಳಿಗ್ಗೆ. ಅಕ್ಷರ ಬದಲಾಗಿದೆ ಎಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಎಲ್ವಿನ್ ಬರೆಯುತ್ತಿದ್ದಾನೆ. ಮೇಲಿನದನ್ನೆಲ್ಲ ಓದಿದ, ಕಳ್ಳ ಎಂದದ್ದನ್ನೂ. ಇಂದು ನನ್ನ ಕೈ ಪೆನ್ನು ಹಿಡಿಯಲು ಒಪ್ಪುತ್ತಿಲ್ಲ. ಬಿದ್ದದ್ದು ಒಂದು ಸಲವಲ್ಲ, ಐದು ಸಲ. ಇದು ಪಾರ್ಕಿನ್ಸನ್ ಕಾಯಿಲೆ ಎಂದು ಡಾಕ್ಟರು ಕ್ರಿಸ್ಮಸ್ಸಿಗೆ ಮೊದಲೇ ಹೇಳಿದ್ದರು, ನಾನು ಯಾರಿಗೂ ಹೇಳಿರಲಿಲ್ಲ. ಎಲ್ವಿನ್‌ಗೂ ಗೊತ್ತಾದದ್ದು ಈಗ, ಈ ಸಾಲು ಬರೆಯುವಾಗ. ಇದನ್ನು ಓದಿದ ಕೂಡಲೇ ಕೆಲಸ ಬಿಟ್ಟು ಓಡಿಬರಬೇಕು ಎಂದು ನಿನಗೆ ಅನ್ನಿಸುತ್ತದೆ. ಬೇಡ. ಸಹಿ ಹಾಕು ಮಗಳೇ. ನನ್ನನ್ನು ನೋಡಿಕೊಳ್ಳಲು ಇಲ್ಲಿ ನನ್ನ ಮಗನಿದ್ದಾನೆ. ಈ ಮಾತಿಗೆ ಅವನು ಪೆನ್ನು ನಿಲ್ಲಿಸಿ ಕೂತುಬಿಟ್ಟ. ಬರಿ ಎಂದು ನಾನು ಎರಡು ಸಲ ಹೇಳಬೇಕಾಯಿತು.