ಕದಂಬರ ಕಾಲದ ಮೆಣಸಿನಕಾಯಿ

ಪಂಚನಹಳ್ಳಿ, ೧೯೫೮

ಚಿಕ್ಕಬೀರಪ್ಪ,

ನೀನು ತೀರಿಕೊಂಡು ವರ್ಷವಾಯಿತು. ನಿನ್ನೆ ಶಾಲೆಯ ಅಂಗಳದಲ್ಲಿ ನಿನ್ನ ಕದಂಬರ ನಾಟಕವನ್ನು ನೀನು ಬರೆದಂತೆಯೇ ಆಡಿಸಿದೆ. ಯುದ್ಧಕ್ಕೆ ಹೊರಟ ಮಗ ಉಣ್ಣುತ್ತಾ ಕಣ್ಣೊರೆಸಿಕೊಂಡ.

"ಯಾಕೋ ಮಗಾ?" ಎಂದಳು ತಾಯಿ.

"ಮೆಣಸಿನಕಾಯಿ ಖಾರ ಕಣವ್ವಾ."

ಹೆಂಗಸರ ಸಾಲಿನಲ್ಲಿ ಸೆರಗುಗಳು ಕಣ್ಣಿಗೆ ಹೋದವು.

ನಾಟಕ ಬರೆದ ನೋಟ್‌ಬುಕ್ಕನ್ನು ನೀನು ನಮ್ಮ ಮನೆಗೆ ತಂದು ತೋರಿಸಿದಂದು ನಾನು ಹೊಡೆದುಹಾಕಿದ್ದು ಈ ಮಾತನ್ನೇ. ಮೆಣಸಿನಕಾಯಿ ತಂದವರು ಪೋರ್ಚುಗೀಸರು, ಚರಿತ್ರೆಯ ಮೇಷ್ಟರಾಗಿ ಇದನ್ನು ಒಪ್ಪಲಾರೆ ಎಂದಿದ್ದೆ.

"ಹಂಗಾರೆ ಅವ್ವನ ಮುಂದೆ ಅವನು ಏನಂತ ಅಳ್ಬೇಕು, ನೀನೇ ಹೇಳೋ" ಎಂದೆ ನೀನು. ನೋಟ್‌ಬುಕ್ ಎತ್ತಿಕೊಂಡು ಹೋದ ನೀನು ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಇಂದು ತರಗತಿಯಲ್ಲಿ ಕೆಂಚಮ್ಮ ಎದ್ದು ನಿಂತಳು. ನಾನು ಹೇಳಿಕೊಟ್ಟದ್ದನ್ನು ಮರೆಯದ ಹುಡುಗಿ.

"ಸಾ, ಕದಂಬರ ಕಾಲದಲ್ಲಿ ಮೆಣಸಿನಕಾಯಿ ಇರ್ಲಿಲ್ಲ ಅಂದಿದ್ರಲ್ಲ?"

"ಇತ್ತು ಕಣಮ್ಮ," ಎಂದೆ. "ಕೂತ್ಕೋ."