ಎರಡು ಡಬ್ಬಿಯ ಕಾಡತೂಸು

ಅಂಗಡಿಯ ಹಿಂದಿನ ಕೋಣೆ,
ಭಾನುವಾರ, ಮಾರ್ಚ್ ೧೪

ಮುದ್ದಿನ ಗುಬ್ಬಿ,

ಹೇಗಿದ್ದೀಯೇ? ಬೂಟು ಕಚ್ಚಿ ಹಿಮ್ಮಡಿ ಹುಣ್ಣಾಗಿದೆ ಅಂತ ಬರೆದಿದ್ದೆಯಲ್ಲ, ವಾಸಿಯಾಯಿತೇ? ಸೈನ್ಯದಲ್ಲಿರುವವಳ ಹಿಮ್ಮಡಿಯನ್ನು ಅಪ್ಪ ವಿಚಾರಿಸುತ್ತಾನೆ ಅಂತ ಜೊತೆಯವರು ನಕ್ಕರೆ ನಗಲಿ. ಅಮ್ಮ ಚೆನ್ನಾಗಿದ್ದಾಳೆ. ಮಲಗುವವರಿಲ್ಲದಿದ್ದರೂ ನಿನ್ನ ಮಂಚದ ಹೊದಿಕೆಯನ್ನು ವಾರಕ್ಕೊಮ್ಮೆ ಒಗೆಯುತ್ತಾಳೆ.

ನನಗೊಂದು ಸಣ್ಣ ಪೆಟ್ಟಾಗಿದೆ. ಗಾಬರಿಯಾಗಬೇಡ, ಇದನ್ನು ಬರೆಯುತ್ತಿರುವುದು ನನ್ನ ಕೈಯಲ್ಲೇ. ಗುರಿ ಸ್ಪರ್ಧೆಗೆ ಹೋಗುವ ಲೆಕ್ಕದ ಟೀಚರು ತಮ್ಮ ರೈಫಲ್ಲಿಗೆ ನಮ್ಮಂಗಡಿಯಲ್ಲಿ ಹೊಸ ನಳಿಗೆ ಹಾಕಿಸಿದ್ದರು. ಕೊಡುವ ಮುಂಚೆ ಮೂರು ಗುಂಡು ಹಾರಿಸಿ ನೋಡುವುದು ನನ್ನ ರೂಢಿ, ನಿನಗೆ ಗೊತ್ತು. ಆವತ್ತು ಮೇಜಿನ ಮೇಲೆ ಎರಡು ಡಬ್ಬಿ ತೆರೆದಿದ್ದವು. ಒಂದು ಎಲ್ಲರಿಗೂ ಮಾರುವ ಕಾಡತೂಸು, ಇನ್ನೊಂದು ಮಾಜಿ ಸೈನಿಕರ ಕ್ಲಬ್ಬಿಗೆ ತರಿಸಿದ ಮಿಲಿಟರಿಯದು. ಅಷ್ಟೇ ಉದ್ದ, ಅಷ್ಟೇ ದಪ್ಪ, ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ಹನ್ನೆರಡು ವರ್ಷದವಳಿದ್ದಾಗ ನೀನು ಎರಡನ್ನೂ ಅಂಗೈಯಲ್ಲಿಟ್ಟುಕೊಂಡು, "ಅಪ್ಪಾ, ಅಳತೆ ಒಂದೇ ಅಂದಮೇಲೆ ಹೆಸರು ಎರಡು ಯಾಕೆ?" ಅಂತ ಕೇಳಿದ್ದೆ. ನಾನು ನಳಿಗೆಯ ಒಳಗನ್ನು ತೋರಿಸಿದ್ದೆ. ಮಿಲಿಟರಿ ರೈಫಲ್ಲಿನಲ್ಲಿ ಗುಂಡು ಒಳಗಿನ ಸುರುಳಿ ಗೆರೆಗಳನ್ನು ಮುಟ್ಟುವ ಮೊದಲು ಒಂದಿಷ್ಟು ಹೆಚ್ಚು ಜಾಗ ಬಿಟ್ಟಿರುತ್ತಾರೆ. ಅದರ ಕಾಡತೂಸು ತಯಾರಾಗುವುದು ಆ ಬಿಡುವನ್ನು ನಂಬಿಕೊಂಡೇ. ಟೀಚರ ನಳಿಗೆಯಂಥದ್ದರಲ್ಲಿ ಆ ಜಾಗ ಬಿಗಿ, ಮಿಲಿಟರಿಯದನ್ನು ಹಾರಿಸಿದರೆ ಒತ್ತಡ ಮಿತಿ ಮೀರಬಹುದು. ಮೇಲೆ ನೋಡಿದರೆ ಗೊತ್ತಾಗುವುದಿಲ್ಲ, ಬುಡದಲ್ಲಿ ಕೆತ್ತಿದ ಸಾಸಿವೆಯಂಥ ಅಕ್ಷರ ಓದಬೇಕು. ಅಂದಿನಿಂದ ಓದಿ ಬೇರ್ಪಡಿಸುವ ಕೆಲಸ ನಿನ್ನದಾಯಿತು. ಹಠಮಾರಿ, ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ.

ಆವತ್ತು ನಾನೂ ಬುಡ ನೋಡಿದೆ ಕಣೇ. ಮಿಲಿಟರಿಯದಕ್ಕೆ ವೃತ್ತದೊಳಗೆ ಕೂಡುವ ಗುರುತು ಇರುತ್ತದಲ್ಲ, ಅದು ನನಗೆ ಕಾಣಲಿಲ್ಲ. ಎರಡನೇ ಗುಂಡಿಗೆ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು ಒಡೆದು ಬಿಸಿ ಹೊಗೆ ಮುಖಕ್ಕೆ ರಾಚಿತು. ಕನ್ನಡಕ ಬಿರುಕು ಬಿಟ್ಟು ಕಣ್ಣು ಉಳಿಸಿತು, ಬಲಗೆನ್ನೆ ಸುಟ್ಟಿತು. ಮರುದಿನ ಟೀಚರು ಬಂದಾಗ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆ. ಅವರು ರೇಗಲಿಲ್ಲ. ಒಡೆದ ಕೇಪನ್ನು ಬೆರಳಲ್ಲಿ ಹೊರಳಿಸುತ್ತಾ, "ಇದು ಒಡೆಯದಿದ್ದರೆ ಅದೇ ಡಬ್ಬಿಯಿಂದ ನನಗೂ ಕೊಡುತ್ತಿದ್ದಿರಲ್ಲ?" ಅಂದರು. ಅವರ ಹಿಂದೆಯೇ ಅಂಗಡಿ ಬಾಗಿಲು ಹಾಕಿದೆ, ಇನ್ನೂ ತೆಗೆದಿಲ್ಲ.

ಕಿಟಕಿಯ ಪಕ್ಕ ನಿನ್ನ ಸ್ಟೂಲು ಹಾಗೇ ಇದೆ. ಇಷ್ಟು ದಿನ ಕೆಲಸದ ಮಧ್ಯೆ ತಲೆಯೆತ್ತದೆ, "ಇದನ್ನಿಷ್ಟು ಓದೇ" ಅಂತ ಎಷ್ಟೋ ಸಲ ಆ ಕಡೆ ಕೈ ಚಾಚಿದ್ದೇನೆ. ಯಾರೂ ಇಸಿದುಕೊಳ್ಳದಾಗ ಕೈ ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು.

ಹೊತ್ತಿಗೆ ಸರಿಯಾಗಿ ಉಣ್ಣು, ಮೈ ಬೆಚ್ಚಗಿಟ್ಟುಕೋ. ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ ಮಗಳೇ.

ಇಂತಿ,
ನಿನ್ನ ಅಪ್ಪ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು: ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ನೀನು ಹೊರಡುವ ಮೊದಲೇ ಡಾಕ್ಟರು ಹೇಳಿದ್ದರು. ಗೊತ್ತಾದರೆ ನೀನು ಹೋಗುತ್ತಿರಲಿಲ್ಲ ಅಂತ ಅಮ್ಮನಿಗೂ ಹೇಳಲಿಲ್ಲ. ಬಲಗಣ್ಣಿನ ಆಪರೇಷನ್ ಏಪ್ರಿಲ್ ಹತ್ತಕ್ಕೆ. ಬಾ ಅಂತ ಯಾವತ್ತೂ ಕರೆದವನಲ್ಲ ನಾನು. ರಜೆ ಕೇಳಿ ನೋಡುತ್ತೀಯಾ?